ದಸರೇಲಿ ಮೇಷ್ಟ್ರು ವೈಕೋಂಬೆಗೆ ಹೋದದ್ದು

ಗುಬ್ಬಿ

ನಾನು ಇಂಗ್ಲೆಂಡಿಗೆ ಹೋಗಿ ಬಂದೆ ಎಂದರೆ ತುಮಕೂರಿನ ಶಿರಾ ಗೇಟಿನಲ್ಲಿ ಯಾರೂ ನಂಬುವುದಿಲ್ಲ. ನನ್ನ ಪ್ರಿಂಟಿಂಗ್ ಪ್ರೆಸ್ಸಿನ ಎದುರಿನ ಟೀ ಅಂಗಡಿಯವನಂತೂ, "ಬೆಂಗ್ಳೂರಲ್ಲಿ ನೆಂಟರ ಮನೇಲಿ ಮಲ್ಕೊಂಡ್ ಎದ್ದು ಬಂದವ್ನೆ ಬುಡಿ" ಎಂದು ಗಿರಾಕಿಗಳ ಮುಂದೆಯೇ ಹೇಳಿದ. ಅವನದೇನೂ ತಪ್ಪಿಲ್ಲ. ಮದುವೆ ಕಾರ್ಡು, ತಿಥಿ ಕಾರ್ಡು, ಎಲೆಕ್ಷನ್ ಹ್ಯಾಂಡ್‌ಬಿಲ್ಲು ಅಚ್ಚು ಹಾಕುತ್ತಲೇ ತಲೆ ನರೆತವನು ನಾನು. ನಾನಾಗಿ ಹೊರಟವನೂ ಅಲ್ಲ. ನನ್ನ ಸೋದರಮಾವ ದಸರೇಲಿ ಮೇಷ್ಟ್ರನ್ನೂ ಗೌರತ್ತೆಯನ್ನೂ ಜೋಪಾನವಾಗಿ ಕರೆದುಕೊಂಡು ಹೋಗಿ ಬರುವ ಕೆಲಸ ನನ್ನ ತಲೆಗೆ ಬಿತ್ತು, ಹೋದೆ.

ಮಾವನ ನಿಜವಾದ ಹೆಸರು ಶಿವನಂಜಪ್ಪ. ಗುಬ್ಬಿಯ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟು ರಿಟೈರಾದವರು. ನಮ್ಮ ಹಳ್ಳಿಯಲ್ಲಿ ಹೈಸ್ಕೂಲಿರಲಿಲ್ಲ; ಅವರ ಮನೆಯಲ್ಲೇ ಇದ್ದು, ಅತ್ತೆ ಕಟ್ಟಿದ ಮುದ್ದೆ ತಿಂದು, ಅವರ ತರಗತಿಯಲ್ಲೇ ಕೂತು ನಾನು ಓದಿದ್ದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಕಡಲೆಕಾಯಿ ಹುರಿಯುತ್ತಿದ್ದ ವಾಸನೆ, ಒಳಗಿನಿಂದ ರೇಡಿಯೋ, ಜಗಲಿಯ ಮೇಲೆ ಕೂತು ಮಾವ ನಮಗೆಲ್ಲ ಹೇಳುತ್ತಿದ್ದ ದೂರದೇಶದ ರಾಜಕೀಯ. ಆ ಜಗಲಿಗೆ ಹೋಲಿಸಿದರೆ ಆಮೇಲೆ ನಾನು ಕೂತ ಯಾವ ಸೋಫಾವೂ ನನಗೆ ಒಗ್ಗಲಿಲ್ಲ.

ನಮ್ಮ ಪುಸ್ತಕದಲ್ಲಿ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಪ್ರಧಾನಿ ಡಿಸ್ರೇಲಿಯ ಬಗ್ಗೆ ಕೆಲವೇ ಸಾಲುಗಳಿದ್ದವು. ಸೂಯೆಜ್ ಕಾಲುವೆಯ ಷೇರು ಕೊಂಡ, ತನ್ನ ರಾಣಿಗೆ ಭಾರತದ ಚಕ್ರವರ್ತಿನಿ ಎಂಬ ಬಿರುದು ಕೊಡಿಸಿದ, ಅಲ್ಲಿಗೆ ಮುಗಿಯಿತು. ಮಾವ ಅದನ್ನು ವಾರಗಟ್ಟಲೆ ಎಳೆಯುತ್ತಿದ್ದರು. ಬಿರುದಿನ ವಿಷಯ ಬಂದಾಗ "ನಮ್ಮನ್ನೇನ್ ಕೇಳಿ ಕೊಟ್ರೇನ್ರೋ?" ಎಂದು ಬೈದೇ ಮುಂದೆ ಹೋಗುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಅದಕ್ಕಿಂತ ಹಿಂದಿನ ಕಥೆ. ಯಹೂದಿ ಮನೆತನದ ಹುಡುಗ, ಗುಂಗುರು ಕೂದಲು, ಬೆರಳು ತುಂಬ ಉಂಗುರ, ಮೈತುಂಬ ಸಾಲ. ಚುನಾವಣೆಗೆ ನಿಂತ, ಸೋತ. ಮತ್ತೆ ನಿಂತ, ಸೋತ. ನಾಲ್ಕು ಸಲ ಸೋತು ಐದನೇ ಸಲ ಗೆದ್ದು ಪಾರ್ಲಿಮೆಂಟಿಗೆ ಹೋದರೆ, ಮೊದಲ ಭಾಷಣಕ್ಕೆ ಇಡೀ ಸಭೆ ಹೋ ಎಂದು ನಕ್ಕು ಕೂರಿಸಿತು. ಈಗ ಕೂರ್ತೀನಿ, ನೀವು ನನ್ನ ಮಾತು ಕೇಳೋ ಕಾಲ ಬಂದೇ ಬರುತ್ತೆ ಎಂದು ಹೇಳಿ ಕೂತನಂತೆ. ಇಲ್ಲಿಗೆ ಬಂದಾಗ ಮಾವ ಮೇಜಿಗೆ ಗುದ್ದುತ್ತಿದ್ದರು, ಡಸ್ಟರಿನಿಂದ ಧೂಳು ಏಳುತ್ತಿತ್ತು.

ತೊಂದರೆ ಎಂದರೆ ಅವರ ಬಾಯಲ್ಲಿ ಆ ಹೆಸರು ಓಡಿ ಓಡಿ "ದಸ್ರೇಲಿ" ಎಂದು ಬರುತ್ತಿತ್ತು. ಹಿಂದಿನ ಬೆಂಚಿನ ನಮಗೆ ಅದು ದಸರಾ ಹಬ್ಬದಲ್ಲಿ ಎಂದೇ ಕೇಳುತ್ತಿತ್ತು. ನನ್ನ ಪಕ್ಕದ ರಾಜಣ್ಣ ಒಂದು ದಿನ ಎದ್ದು ನಿಂತು, "ಸಾ, ದಸರೇಲಿ ಪ್ರಧಾನಿ ಆದದ್ದು ಗೊತ್ತಾಯ್ತು. ಯಾರ್ ಸಾ ಆದದ್ದು?" ಎಂದು ಕೇಳಿದ. ಅಂದಿನಿಂದ ಮಾವ ಊರಿಗೆಲ್ಲ ದಸರೇಲಿ ಮೇಷ್ಟ್ರಾದರು. ಅವರೂ ಆ ಹೆಸರನ್ನು ಬೇಸರವಿಲ್ಲದೆ ಹಾಕಿಕೊಂಡು ಓಡಾಡಿದರು.

ರಿಟೈರಾದ ಮೇಲೆ ಅವರಿಗೆ ಡಿಸ್ರೇಲಿಯ ಹುಚ್ಚು ಮೈಮೇಲೆಯೇ ಬಂತು. ಗುಬ್ಬಿಯ ಪಟ್ಟಣ ಪಂಚಾಯಿತಿಗೆ ತಮ್ಮ ವಾರ್ಡಿನಿಂದ ಪಕ್ಷೇತರರಾಗಿ ನಿಂತರು. ಯಾಕೆ ಮಾವ ಎಂದರೆ, "ಒಂದೇ ಒಂದ್ ಸಲ ಆ ಸಭೇಲಿ ಎದ್ದು ನಿಂತು 'ಮಾನ್ಯ ಅಧ್ಯಕ್ಷರೇ' ಅನ್ಬೇಕು ಕಣ್ಲಾ ಚಂದ್ರು" ಎನ್ನುತ್ತಿದ್ದರು. ಮೊದಲ ಪ್ರಚಾರ ಸಭೆಯಲ್ಲೇ "ಡಿಸ್ರೇಲಿ ನಾಕ್ ಸಲ ಸೋತ" ಎಂದು ಶುರು ಮಾಡಿದರು. ಜನರ ಮಧ್ಯದಿಂದ ಯಾವನೋ "ದಸರೇಲಿ ಸೋತ್ರೆ ಏನಾತು, ದೀಪಾವಳೀಲಿ ಗೆಲ್ಲಿ ಮೇಷ್ಟ್ರೇ!" ಎಂದು ಕೂಗಿದ. ಬೀದಿಯೇ ನಕ್ಕಿತು. ಮಾವ ಮೈಕು ಕೆಳಗಿಟ್ಟು ತಾವೂ ನಗುತ್ತಾ ಇಳಿದು ಬಂದರು. ಆ ಸಲ ಸೋತರು.

ಆಮೇಲೂ ನಿಂತರು, ಆಮೇಲೂ ಸೋತರು. ಪ್ರತಿ ಸಲವೂ ಗುರುತು ಬೇರೆ: ಮೊದಲು ಟಾರ್ಚು, ಆಮೇಲೆ ಹೊಲಿಗೆ ಮಿಷನ್ನು, ಆಮೇಲೆ ಕುಕ್ಕರ್, ಕೊನೆಗೆ ಸೀಲಿಂಗ್ ಫ್ಯಾನ್. ಎಲ್ಲದರ ಬ್ಲಾಕನ್ನೂ ನಾನೇ ಮಾಡಿಸಿ ಅಚ್ಚು ಹಾಕಿದ್ದೇನೆ. ಕುಕ್ಕರಿನ ಸಲ ಒಬ್ಬ ಅಜ್ಜಿ ಮಾವನ ಗಲ್ಲ ಸವರಿ, "ನಿನ್ ಟಾರ್ಚಿಗೇ ಒತ್ತಿವ್ನಿ ಕಣಪ್ಪ" ಎಂದಿದ್ದಳು. ಆ ಸಲ ಟಾರ್ಚು ಬೇರೆಯವನಿಗೆ ಹೋಗಿತ್ತು, ಅವನೇ ಗೆದ್ದ. ಅದೊಂದು ಕಾಲ. ಮೈದಾ ಹಿಟ್ಟಿನ ಅಂಟು ಕಾಯಿಸಿ, ಗೋಡೆಗೆ ಪೋಸ್ಟರ್ ಬಳಿದು, ಆಟೋದಲ್ಲಿ ಮೈಕು ಕಟ್ಟಿಕೊಂಡು ನಾವೆಲ್ಲ ಸುತ್ತಿದ್ದನ್ನು ನೆನೆದರೆ ಈಗಿನ ಮೊಬೈಲ್ ಪ್ರಚಾರ ನನಗೆ ಸಪ್ಪೆ ಅನ್ನಿಸುತ್ತದೆ.

ಮಾವನ ಮಗಳು ಶೈಲಾ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಬನ್ನಿ ಬನ್ನಿ ಎಂದು ಅವಳು ಎಷ್ಟೋ ಸಲ ಕರೆದಳು. "ವಿಕಮ್ ಅಂತ ಊರಪ್ಪ, ಚೆನ್ನಾಗಿದೆ" ಎಂದರೆ ಮಾವ ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ಉಪ್ಪಿನಕಾಯಿ ಪಾರ್ಸೆಲ್ ಕಳಿಸಲು ಅಡ್ರೆಸ್ಸಿನ ಸ್ಪೆಲಿಂಗ್ ಒಂದೊಂದೇ ಅಕ್ಷರವಾಗಿ ಹೇಳಿದಾಗ ಮಾವ ಕುರ್ಚಿಯಿಂದ ಎದ್ದರು. "ವೈಕೋಂಬೆ! ಅದು ವೈಕೋಂಬೆ ಕಣೇ! ದಸ್ರೇಲಿ ಸೋತ ಊರು!" ಜೀವಮಾನವಿಡೀ ಅವರು ಆ ಹೆಸರನ್ನು ಬರೆದಂತೆ ಓದಿ, ನಮಗೂ ಹಾಗೇ ಕಲಿಸಿದ್ದರು. ಮಗಳು ಅದೇ ಊರಲ್ಲಿ ಮನೆ ಮಾಡಿ ವರ್ಷಗಳಾಗಿದ್ದರೂ ಅವರಿಗೆ ತಿಳಿದಿರಲಿಲ್ಲ.

ಪಂಚಾಯಿತಿ ಚುನಾವಣೆ ಮತ್ತೆ ಹತ್ತಿರ ಬರುತ್ತಿತ್ತು. ಹೊರಡುವ ತಯಾರಿಯ ಮಧ್ಯೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. "ಚಂದ್ರು, ಅದೇನ್ ತೋರಿಸ್ಬೇಕೋ ಎಲ್ಲಾ ತೋರಿಸ್ಕೊಂಡು, ಅವರ ತಲೆಯಿಂದ ಇದನ್ನ ಇಳಿಸ್ಕೊಂಡ್ ಬಾ. ಐದ್ನೇ ಸಲ ನಿಂತ್ರೆ ನಾನು ಕುಣಿಗಲ್ಲಿಗೆ ಹೋಗ್ಬುಡ್ತೀನಿ, ತಂಗಿ ಮನೇಲಿ ಇರ್ತೀನಿ. ನೀನೂ ಹ್ಯಾಂಡ್‌ಬಿಲ್ ಮಾಡ್ಕೊಡ್ಬಾರ್ದು." ಅತ್ತೆ ಹೆದರಿಸುವ ಪೈಕಿಯಲ್ಲ, ಹೇಳಿದರೆ ಮಾಡುವವರು. ನಾನು ಆಯಿತೆಂದು ಜಗಲಿಗೆ ಬಂದರೆ ಮಾವ ಪಿಸುಗುಟ್ಟಿದರು: "ಬಂದ್ ತಕ್ಷಣ ಅಚ್ಚಿಗ್ ಹೋಗ್ಬೇಕು ಕಣ್ಲಾ. ಮ್ಯಾಟ್ರು ಅಲ್ಲೇ ರೆಡಿ ಮಾಡಣ." ಇಬ್ಬರ ಮಧ್ಯೆ ಸಿಕ್ಕಿಕೊಂಡೇ ನಾನು ವಿಮಾನ ಹತ್ತಿದೆ.

ವಿಮಾನ ನಿಲ್ದಾಣ

ಇಳಿದ ಮೇಲೆ ಉದ್ದದ ಸಾಲು. ಮಾವ ಬಿಳಿ ಪಂಚೆ, ಕೋಟು, ಮಂಕಿ ಕ್ಯಾಪು, ಹಣೆಯ ಮೇಲೆ ವಿಭೂತಿ. ಪಾಸ್‌ಪೋರ್ಟ್ ನೋಡುವವನು ಯಾಕೆ ಬಂದಿದ್ದೀರಿ ಎಂದು ಕೇಳಿದ. ಮಗಳ ಮನೆಗೆ ಎಂದರೆ ಆಗುತ್ತಿತ್ತು. ಮಾವ ತಮ್ಮ ಇಂಗ್ಲಿಷಿನಲ್ಲಿ, ಡಿಸ್ರೇಲಿ ಸೋತ ಜಾಗವನ್ನು ನೋಡಲು ಎಂದರು. ಅವನು ಮಾವನ ಮುಖವನ್ನೇ ನೋಡಿ, ಯಾವ ಮ್ಯಾಚಿನಲ್ಲಿ ಎಂದು ಕೇಳಿದ. ತಮಾಷೆಯೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಾವ ಪಾಠ ಶುರು ಮಾಡುವ ಮುಂಚೆ ನಾನು ಮಗಳ ಅಡ್ರೆಸ್ಸು ಮುಂದಿಟ್ಟೆ.

ಆಮೇಲೆ ಕಸ್ಟಮ್ಸಿನ ಹೆಣ್ಣುಮಗಳೊಬ್ಬಳು ಬ್ಯಾಗು ಬಿಚ್ಚಿಸಿದಳು. ಒಳಗೆ ಬಟ್ಟೆಯ ಚೀಲದ ತುಂಬ ಬೆಲ್ಲದ ಅಚ್ಚು. ನಾನೂ ಆಗಲೇ ನೋಡಿದ್ದು. "ಇದೇನ್ ಮಾವ?" ಎಂದರೆ, "ಅಲ್ಲಿ ಮೇಯರನ್ನ ತೂಕಕ್ಕೆ ಹಾಕ್ತಾರೆ ಅಂತ ಶೈಲಾ ಅಂದಿದ್ಲಲ್ಲ. ತುಲಾಭಾರಕ್ಕೆ ಬರಿಗೈಲಿ ಹೋಗ್ತಾರೇನೋ?" ಎಂದರು. ಕಂದು ಬಣ್ಣದ ಗಟ್ಟಿಗಳನ್ನು ಆ ಹೆಣ್ಣುಮಗಳು ಕೈಗವಸಿನಲ್ಲಿ ಹಿಡಿದು ಮೂಸಿ ನೋಡಿದಳು. ಅತ್ತೆ ನನ್ನ ಬೆನ್ನಿಗೆ ತಿವಿದು, "ಒಂದ್ ಚೂರು ತಿಂದ್ ನೋಡಮ್ಮ ಅನ್ನೋ, ಪಾಪ, ಬೆಳಗ್ಗಿಂದ ನಿಂತವ್ಳೆ" ಎಂದರು. ನಾನು ಹಾಗೇ ಹೇಳಿದೆ. ಅವಳು ನಕ್ಕು ಬೇಡವೆಂದು ಚೀಲ ಕಟ್ಟಿಕೊಟ್ಟಳು. ನಮ್ಮ ಕಡೆ ಯಾರಾದರೂ ಬೆಲ್ಲ ಬೇಡ ಅನ್ನುವುದುಂಟೇ ಎಂದು ಅತ್ತೆ ದಾರಿಯುದ್ದಕ್ಕೂ ಬೇಜಾರು ಮಾಡಿಕೊಂಡರು.

ವೈಕೋಂಬೆ ಪೇಟೆ

ಶೈಲಾಳ ಮನೆ ಒಂದು ದಿಣ್ಣೆಯ ಮೇಲಿದೆ. ಕಿಟಕಿಯಿಂದ ನೋಡಿದರೆ ಹಸಿರು ಇಳಿಜಾರು, ಬೇಲಿಯೊಳಗೆ ಕುದುರೆಗಳು. ಅತ್ತೆ ಮೊದಲ ದಿನವೇ ಆ ಕಿಟಕಿಗೆ ಅಂಟಿಕೊಂಡರು. ಕುಣಿಗಲ್ಲಿನ ಕುದುರೆ ಫಾರಂ ಪಕ್ಕದ ಬೀದಿಯಲ್ಲಿ ಬೆಳೆದವರು ಅವರು. "ನಮ್ಮಪ್ಪ ಸಂಜೆ ಹೊತ್ತು ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಮರಿ ತೋರಿಸೋರು" ಎಂದು ಒಬ್ಬರೇ ಹೇಳಿಕೊಳ್ಳುತ್ತಿದ್ದರು. ಇಷ್ಟು ದೂರ ಬಂದು ಅತ್ತೆ ಕುಣಿಗಲ್ಲನ್ನೇ ನೋಡುತ್ತಿದ್ದಾರಲ್ಲ ಎಂದು ನನಗೆ ನಗು ಬಂತು. ಆದರೆ ಎರಡು ದಿನ ಕಳೆಯುವಷ್ಟರಲ್ಲಿ ನಾನೂ ಬಸ್ಸಿನಲ್ಲಿ ಕೂತು ಕಿಟಕಿಯಾಚೆ ನಮ್ಮ ಕಡೆಯ ಹೆಬ್ಬೂರಿನ ರಾಗಿ ಹೊಲ ಹುಡುಕುತ್ತಿದ್ದೆ.

ಮಾವನಿಗೆ ಕುದುರೆ ಬೇಕಿಲ್ಲ, ಪೇಟೆ ಬೀದಿ ಬೇಕು. ಹೋದೆವು. ಅಲ್ಲೊಂದು ಅಂಗಡಿಯ ಮುಂದೆ ಹಳೆಯ ಕಂಬಗಳ ಚಾವಡಿ, ಅದರ ಮೇಲೆ ಕೆಂಪು ಬಣ್ಣದ ಸಿಂಹದ ಬೊಂಬೆ. ಆ ಚಾವಡಿಯ ಮೇಲೆ ನಿಂತೇ ಯುವಕ ಡಿಸ್ರೇಲಿ ತನ್ನ ಮೊದಲ ಚುನಾವಣೆಯ ಭಾಷಣ ಮಾಡಿದ್ದು. ಫಲಿತಾಂಶ ಬಂದಾಗ ನಾನು ಇಲ್ಲಿರುತ್ತೇನೆ ಎಂದು ಸಿಂಹದ ತಲೆಯನ್ನೂ, ನನ್ನ ಎದುರಾಳಿ ಅಲ್ಲಿರುತ್ತಾನೆ ಎಂದು ಬಾಲವನ್ನೂ ತೋರಿಸಿದ್ದನಂತೆ. ಬಂದದ್ದು ಬಾಲ.

ಕೆಳಗೆ ಜನ ತರಕಾರಿ ಹಿಡಿದು, ಮಗುವಿನ ಗಾಡಿ ತಳ್ಳುತ್ತಾ ಹೋಗುತ್ತಿದ್ದರು, ಒಬ್ಬರೂ ತಲೆ ಎತ್ತಿ ಸಿಂಹ ನೋಡಲಿಲ್ಲ. ಮಾವ ರಸ್ತೆಯ ಆಚೆ ಬದಿಯಲ್ಲಿ ನಿಂತುಬಿಟ್ಟರು. ಅಲ್ಲಾಡಲಿಲ್ಲ. ಅತ್ತೆ ಕಾಲು ನೋವೆಂದು ಬೆಂಚು ಹುಡುಕಿಕೊಂಡು ಕೂತರು. ನಾನು ಹತ್ತಿರ ಹೋದಾಗ ಮಾವನ ಕಣ್ಣು ಒದ್ದೆಯಾಗಿತ್ತು. "ಚಂದ್ರು, ಈ ಜಾಗನ ಬೋರ್ಡ್ ಮೇಲೆ ಎಷ್ಟ್ ಸಲ ಬರ್ದಿದೀನೋ. ಆ ಹುಡುಗ್ರೆಲ್ಲಾ ಈಗ ಎಲ್ಲೆಲ್ಲಿದಾರೋ" ಎಂದರು. ಆ ಹುಡುಗರಲ್ಲಿ ಒಬ್ಬ ಪಕ್ಕದಲ್ಲೇ ನಿಂತಿದ್ದೇನೆ ಎಂದು ಹೇಳೋಣ ಅಂದುಕೊಂಡೆ.

ಲಂಡನ್

ಪಾರ್ಲಿಮೆಂಟಿನ ಎದುರಿನ ಚೌಕದಲ್ಲಿ ಡಿಸ್ರೇಲಿಯ ಪ್ರತಿಮೆ ಇದೆ. ಮಾವ ಚಪ್ಪಲಿ ಬಿಟ್ಟು ಕೈಮುಗಿದರು. ಪ್ರತಿಮೆಯ ತಲೆಯ ಮೇಲೆ ಒಂದು ಪಾರಿವಾಳ ಕೂತಿತ್ತು. "ಗುಬ್ಬಿ ಆಗಿದ್ರೆ ನಮ್ಮೂರ್ ಹೆಸರಿಗೆ ಒಪ್ಪಿರೋದು" ಎಂದು ಮಾವ ಪೇಚಾಡಿದರು. ಅತ್ತೆ, "ಗುಬ್ಬೀನ ತಲೆ ಮೇಲ್ ಕೂರಿಸ್ಕೊಳ್ಳೋಕೆ ಅವ್ರಿಗೇನ್ ನಿಮ್ಮಂಗೆ ಹುಚ್ಚಾ" ಎಂದರು.

ಮಾವ ಅಲ್ಲೇ ಹುಲ್ಲಿನ ಮೇಲೆ ಕೂತು ನಮಗೆ ಪಾಠ ಹೇಳಿದರು. ಜನರ ಅನ್ನಕ್ಕೆ ಸಂಬಂಧಿಸಿದ ಧಾನ್ಯದ ಸುಂಕದ ಜಗಳದಲ್ಲಿ ಡಿಸ್ರೇಲಿ ತನ್ನದೇ ಪಕ್ಷದ ಪ್ರಧಾನಿಯ ಮೇಲೆ ತಿರುಗಿಬಿದ್ದದ್ದು, ಪಕ್ಷ ಎರಡಾಗಿ ಬಹುಕಾಲ ವಿರೋಧ ಪಕ್ಷದಲ್ಲೇ ಕೂತದ್ದು, ಕೂತು ಕೂತು ಪಕ್ಷವನ್ನು ಮತ್ತೆ ಕಟ್ಟಿದ್ದು, ಪಟ್ಟಣದ ಕೂಲಿಕಾರರಿಗೂ ಓಟು ಬರುವ ಕಾಯಿದೆ ತಂದದ್ದು. ಕೊನೆಗೆ ಪ್ರಧಾನಿಯಾದಾಗ ವಯಸ್ಸು ಅರವತ್ತು ದಾಟಿತ್ತು. ಆಗ ಅವನು ಎಣ್ಣೆ ಸವರಿದ ಜಾರುಗಂಬದ ತುದಿ ಹತ್ತಿದೆ ಎಂದನಂತೆ. "ನೋಡ್ಲಾ, ನಮ್ ಗೋಕುಲಾಷ್ಟಮಿ ಜಾರುಗಂಬ ಇವ್ರಿಗೂ ಗೊತ್ತು! ಹತ್ತಿದ್ ಮೇಲೆ ಕೆಲವೇ ತಿಂಗಳು, ಜಾರಿದ. ಮತ್ತೆ ಹತ್ತಿದ. ಜಾರೋದು ಅವಮಾನ ಅಲ್ಲ ಕಣ್ಲಾ, ಹತ್ತದೇ ನಿಂತ್ಕೊಂಡು ನೋಡೋದು ಅವಮಾನ." ಹೇಳುತ್ತಾ ಹೇಳುತ್ತಾ ಅವರ ದನಿ ಹಳೇ ತರಗತಿಯ ದನಿಯಾಯಿತು. ದಾರಿಹೋಕರಿಬ್ಬರು ಒಂದಕ್ಷರ ಅರ್ಥವಾಗದಿದ್ದರೂ ನಿಂತು ಆ ಕನ್ನಡದ ಪಾಠ ಕೇಳಿಸಿಕೊಂಡರು.

ಅತ್ತೆ ಮಾತ್ರ ಹುಲ್ಲಿನ ಎಸಳು ಕೀಳುತ್ತಾ ಕೂತಿದ್ದರು. ನನ್ನ ಕಡೆ ಒಮ್ಮೆ ನೋಡಿದರು. ತಲೆಯಿಂದ ಇಳಿಸಿಕೊಂಡು ಬಾ ಎಂದಿದ್ದರು, ಇಲ್ಲಿ ಇನ್ನೂ ಮೇಲೇರುತ್ತಿತ್ತು.

ತೂಕದ ದಿನ

ನಾವು ಹೋದದ್ದು ಮೇ ತಿಂಗಳು. ಆ ಊರಿನಲ್ಲಿ ಪ್ರತಿ ವರ್ಷ ಆ ಹೊತ್ತಿಗೆ ಮೇಯರನ್ನೂ ಕೌನ್ಸಿಲರುಗಳನ್ನೂ ಬೀದಿಯಲ್ಲಿ ಜನರ ಮುಂದೆ ತೂಗುತ್ತಾರೆ. ಕೆಂಪು ನಿಲುವಂಗಿ, ಕೊರಳಲ್ಲಿ ಸರ, ಮುಂದೆ ಗಂಟೆ ಬಾರಿಸುವವನು. ಮೂರು ಕಾಲಿನ ಕಂಬಕ್ಕೆ ನೇತುಹಾಕಿದ ಕುರ್ಚಿ, ಮೇಲೆ ಗಡಿಯಾರದಂಥ ಮುಳ್ಳು. ಒಬ್ಬೊಬ್ಬರೇ ಹೋಗಿ ಕೂರುತ್ತಾರೆ, ಹಳೇ ಕಾಲದ ವೇಷ ಹಾಕಿದವನೊಬ್ಬ ತೂಕ ಕೂಗುತ್ತಾನೆ.

ಮಾವನಿಗೆ ಮೈ ಜುಮ್ಮೆಂದಿತು. ನನಗೆ ಚಿಕ್ಕಂದಿನಲ್ಲಿ ಟೈಫಾಯಿಡ್ ಬಂದು ಬದುಕಿಕೊಂಡಾಗ ಯಡಿಯೂರಿನಲ್ಲಿ ಬೆಲ್ಲದ ತುಲಾಭಾರ ಮಾಡಿಸಿದವರು ಇದೇ ಮಾವ. ತಕ್ಕಡಿಯ ತಟ್ಟೆಯಲ್ಲಿ ಕಾಲು ಮಡಿಸಿ ಕೂತಾಗ ಬೆಲ್ಲದ ಪಾಕದ ವಾಸನೆಗೆ ಬಾಯಲ್ಲಿ ನೀರೂರಿದ್ದು, ಅಮ್ಮ ಕಣ್ಣೊರೆಸಿಕೊಂಡದ್ದು ನನಗಿನ್ನೂ ನೆನಪಿದೆ. ಈಗಂತೂ ನಮ್ಮಲ್ಲಿ ಗೆದ್ದವರಿಗೆಲ್ಲ ತುಲಾಭಾರ. ದೊಡ್ಡ ಮನುಷ್ಯ ಎಷ್ಟು ತೂಗಿದರೆ ಅಷ್ಟು ಶಿಳ್ಳೆ.

ಇಲ್ಲಿನ ಲೆಕ್ಕ ತಿರುಗುಮುರುಗು ಎಂದು ಶೈಲಾ ಹೇಳುವಷ್ಟರಲ್ಲಿ ಮಾವ ಚೀಲ ಹಿಡಿದು ಹಗ್ಗದ ಕೆಳಗೆ ನುಸುಳಿ ಆಗಿತ್ತು. ಕುರ್ಚಿಯಲ್ಲಿ ಒಬ್ಬ ದಢೂತಿ ಕೌನ್ಸಿಲರು ಕೂತಿದ್ದರು. ಮಾವ ಇನ್ನೊಂದು ತಟ್ಟೆ ಎಲ್ಲಿ ಎಂದು ಸುತ್ತ ನೋಡಿದರು. ಇಲ್ಲ. ಕೊನೆಗೆ ಎರಡೂ ಕೈಯಲ್ಲಿ ಬೆಲ್ಲದ ಚೀಲವನ್ನು ಅವರ ಮಡಿಲಿಗೇ ಇಟ್ಟು ನಮಸ್ಕಾರ ಮಾಡಿದರು. ಮೇಲಿನ ಮುಳ್ಳು ಸರಕ್ಕನೆ ಜಾರಿತು. ವೇಷದವನು ತೂಕ ಓದಿ, "ಅಂಡ್ ಸಮ್ ಮೋರ್!" ಎಂದು ಕೂಗಿದ. ಜನವೆಲ್ಲ "ಬೂ" ಎಂದು ಕೂಗಿ ಕೇಕೆ ಹಾಕಿದರು.

ಶೈಲಾ ಮುಖ ಮುಚ್ಚಿಕೊಂಡಳು. "ಅಯ್ಯೋ ಅಪ್ಪ! ಹೋದ ವರ್ಷಕ್ಕಿಂತ ದಪ್ಪ ಆಗಿದ್ರೆ ಜನದ್ ದುಡ್ಡಲ್ಲಿ ತಿಂದು ಬೆಳ್ದಿದಾರೆ ಅಂತ ಲೆಕ್ಕ. ಅದಕ್ಕೇ ಹಂಗೆ ಕೂಗೋದು!" ಇದನ್ನು ಕೇಳಿ ಮಾವನಿಗೆ ಬೆವರು ಕಿತ್ತಿತು. ಓಡಿಹೋಗಿ ಆ ಕೌನ್ಸಿಲರರ ಎರಡೂ ಕೈ ಹಿಡಿದು ಕ್ಷಮೆ ಕೇಳಿದರು. ಆ ಮನುಷ್ಯ ಒಳ್ಳೆಯವರು. ಚೀಲ ಎತ್ತಿ ಜನರಿಗೆ ತೋರಿಸಿ, ಒಂದು ಚೂರು ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡರು. ಇನ್ನಷ್ಟು ಬೂ.

ಶೈಲಾ ಹೋಗಿ ವೇಷದವನಿಗೆ ನಮ್ಮ ತುಲಾಭಾರದ ವಿಷಯ ವಿವರಿಸಿದಳು. ಅವನು ಮಾವನ ಭುಜದ ಮೇಲೆ ಕೈಯಿಟ್ಟು, ನೀವೂ ಕೂರಿ ಎಂದ. ಮಾವ ಬೇಡವೆನ್ನಲಿಲ್ಲ. ಮಂಕಿ ಕ್ಯಾಪು ತೆಗೆದು ತಲೆ ನೀವಿಕೊಂಡು, ಪಂಚೆ ಸರಿಮಾಡಿ ಕೂತರು. ನಮ್ಮ ಮಾವನದು ಕಡ್ಡಿ ದೇಹ. ಅವನು ಮುಳ್ಳು ನೋಡಿ, "ಅಂಡ್ ನೋ ಮೋರ್!" ಎಂದು ಕೂಗಿದ. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಮಾವ ಕುರ್ಚಿಯಿಂದ ಇಳಿದು, ಮೇಯರ್ ಕಡೆ ತಿರುಗಿ, ಎದೆ ಸೆಟೆದು, ಅಚ್ಚ ಕನ್ನಡದಲ್ಲಿ "ಮಾನ್ಯ ಅಧ್ಯಕ್ಷರೇ!" ಎಂದರು. ಅಷ್ಟೇ. ಜನ ಮತ್ತೆ ಚಪ್ಪಾಳೆ ತಟ್ಟಿದರು.

ನಾನೂ ತಟ್ಟಿದೆ, ಕೈ ಉರಿಯುವಷ್ಟು. ತಿರುಗಿ ನೋಡಿದರೆ ಅತ್ತೆಯ ಮುಖದಲ್ಲಿ ನಗುವಿರಲಿಲ್ಲ. ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ಅವರಿಗೆ ಹೆದರಿಕೆಯಾಗಿತ್ತು.

ಆ ಸಂಜೆ ಮಾವ ಕಾಫಿ ಕುಡಿಯುತ್ತಾ ಹ್ಯಾಂಡ್‌ಬಿಲ್ಲಿನ ಮ್ಯಾಟರು ಹೇಳತೊಡಗಿದರು. "ಬರ್ಕೋ ಚಂದ್ರು. 'ವಾರ್ಡಿನ ಮಹಾಜನಗಳಲ್ಲಿ ವಿನಂತಿ...'" ಅತ್ತೆ ಲೋಟ ಕೆಳಗಿಟ್ಟರು. "ಶೈಲಾ, ಊರಿಗೆ ಹೋದ್ಮೇಲೆ ನಂಗೆ ಫೋನ್ ಮಾಡೋದಾದ್ರೆ ಕುಣಿಗಲ್ ನಂಬರಿಗೆ ಮಾಡು" ಎಂದಷ್ಟೇ ಹೇಳಿ ಕಿಟಕಿಯ ಹತ್ತಿರ ಹೋಗಿ ಕೂತರು. ನಾನು ಪೆನ್ನು ಹಿಡಿದುಕೊಂಡು ಯಾರ ಮುಖ ನೋಡುವುದೆಂದು ತಿಳಿಯದೆ ಒದ್ದಾಡಿದೆ. ಮಾವ ತಮ್ಮ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಡಿಸ್ರೇಲಿಯ ಮನೆ

ಮರುದಿನ ಹ್ಯೂಯೆಂಡನ್ ಎಂಬಲ್ಲಿಗೆ ಹೋಗುವುದೆಂದು ಮೊದಲೇ ಆಗಿತ್ತು. ಡಿಸ್ರೇಲಿ ಹೆಂಡತಿಯೊಂದಿಗೆ ಬಾಳಿದ ದೊಡ್ಡ ಕೆಂಪು ಇಟ್ಟಿಗೆಯ ಮನೆ, ಶೈಲಾ ಇರುವಲ್ಲಿಂದ ಹತ್ತಿರ. ಮಾವನೂ ಅತ್ತೆಯೂ ಕಾರಿನ ಹಿಂದಿನ ಸೀಟಿನ ಎರಡು ತುದಿಗೆ ಕೂತರು. ಅಲ್ಲಿ ಮರಗಳ ಕೆಳಗೆ ಹಳದಿ ಹೂಗಳ ಕೊನೆಯ ಗೊಂಚಲುಗಳು ಇನ್ನೂ ಇದ್ದವು. ಇವು ಡಿಸ್ರೇಲಿಗೆ ಇಷ್ಟವಾದ ಹೂ, ಸತ್ತಾಗ ರಾಣಿಯೂ ಇದನ್ನೇ ಕಳಿಸಿದ್ದಳು ಎಂದು ಮಾವ ನನಗೆ ಮಾತ್ರ ಕೇಳುವಷ್ಟು ಸಣ್ಣಗೆ ಹೇಳಿದರು.

ಒಳಗೆ ಮನೆ ತೋರಿಸುವ ವಯಸ್ಸಾದ ಹೆಂಗಸು ಒಂದು ಚಿತ್ರದ ಮುಂದೆ ನಿಂತರು. ಅದು ಡಿಸ್ರೇಲಿಯ ಹೆಂಡತಿ. ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು, ವಿಧವೆ, ಹಣವಂತೆ. ಮೊದಲು ನನ್ನ ದುಡ್ಡಿಗೆ ಮದುವೆಯಾದ, ಈಗ ಕೇಳಿದರೆ ಪ್ರೀತಿಗೇ ಆಗುತ್ತಾನೆ ಎಂದು ಅವಳು ಹೇಳಿಕೊಳ್ಳುತ್ತಿದ್ದಳಂತೆ. ಒಂದು ದಿನ ಮುಖ್ಯವಾದ ಭಾಷಣಕ್ಕೆ ಅವನನ್ನು ಪಾರ್ಲಿಮೆಂಟಿಗೆ ಬಿಡಲು ಇಬ್ಬರೂ ಕುದುರೆ ಗಾಡಿಯಲ್ಲಿ ಹೊರಟರು. ಬಾಗಿಲು ಹಾಕುವಾಗ ಅವಳ ಕೈ ಬಾಗಿಲ ಸಂದಿಯಲ್ಲಿ ಸಿಕ್ಕಿ ಜಜ್ಜಿಹೋಯಿತು. ಗಂಡನ ಮನಸ್ಸು ಕದಡಿ ಭಾಷಣ ಕೆಡಬಾರದೆಂದು ಅವಳು ತುಟಿ ಬಿಚ್ಚಲಿಲ್ಲ. ಅವನು ಇಳಿದು ಒಳಗೆ ಹೋಗುವವರೆಗೂ ನಗುತ್ತಲೇ ಇದ್ದಳಂತೆ.

ಶೈಲಾ ಇದನ್ನೆಲ್ಲ ಅತ್ತೆಗೆ ಕನ್ನಡದಲ್ಲಿ ಹೇಳಿದಳು. ಮಾವನಿಗೂ ಈ ಕಥೆ ಗೊತ್ತಿರಲಿಲ್ಲ. ಅವರು ಓದಿದ್ದು ರಾಜಕೀಯ, ಅದರಲ್ಲಿ ಹೆಂಡತಿ ಇರಲಿಲ್ಲ. ಅತ್ತೆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೊರಗೆ ಹೋದರು.

ದಿಣ್ಣೆಯ ಇಳಿಜಾರಿನಲ್ಲೊಂದು ಚರ್ಚು ಇದೆ, ಅದರ ಗೋಡೆಯ ಪಕ್ಕದಲ್ಲಿ ಗಂಡ ಹೆಂಡತಿ ಇಬ್ಬರ ಸಮಾಧಿ. ಅತ್ತೆ ಅಲ್ಲಿನ ಬೆಂಚಿನ ಮೇಲೆ ಕೂತಿದ್ದರು. ಮಾವ ಹೋಗಿ ಪಕ್ಕದಲ್ಲಿ ಕೂತರು. ನಾನೂ ಶೈಲಾಳೂ ಸಮಾಧಿಯ ಬರಹ ಓದುವಂತೆ ನಿಂತೆವು, ಓದಲಿಲ್ಲ.

"ರೀ" ಎಂದರು ಅತ್ತೆ. "ನೀವು ಸೋಲ್ತೀರಾ ಅಂತ ನಾನು ಬೇಡ ಅಂತಿಲ್ಲ."

"ಮತ್ತೆ?"

"ಸೋತು ಮನೆಗ್ ಬರ್ತೀರಲ್ಲ. ಬಂದೋರಿಗೆಲ್ಲಾ ನಕ್ಕೊಂಡ್ ಕಾಫಿ ಕೊಡಿಸ್ತೀರಿ. ದಸರೇಲಿ, ದೀಪಾವಳೀಲಿ ಅಂತ ನೀವೇ ತಮಾಷೆ ಮಾಡ್ತೀರಿ. ಅವ್ರು ಹೋದ್ ಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು ನಲ್ಲಿ ಬಿಟ್ಕೊತೀರಿ."

ಮಾವ ನೆಲ ನೋಡಿದರು. "ಗೊತ್ತಿತ್ತಾ ನಿಂಗೆ?" ಎಂದರು.

"ಗೊತ್ತಿಲ್ದೆ ಏನ್ರೀ? ದಿನ ಬಿಟ್ಟು ದಿನ ಬರೋ ನೀರು, ಇಡೀ ತೊಟ್ಟಿ ಖಾಲಿ ಆಗೋ ತನಕ ಬಿಟ್ಟಿರ್ತಿದ್ರಿ. ನಾಕ್ ಸಲಾನೂ ನಾನು ಆ ಬಾಗಿಲ ಹೊರ್ಗೇ ನಿಂತಿದ್ದೆ. ತಟ್ಟಿದ್ರೆ ನಿಮ್ಗೆ ಅವಮಾನ ಆಗುತ್ತೆ ಅಂತ ತಟ್ಲಿಲ್ಲ. ಆ ಯಮ್ಮಂಗೆ ಒಂದ್ ಸಲ ಕೈ ಸಿಕ್ತು. ನಂಗೆ ಎಷ್ಟ್ ಸಲ ಅಂತ ಯಾರ್ ಕೇಳಿದ್ರು?"

ಗುಬ್ಬಿಯ ಆ ಮನೆಯಲ್ಲಿ ವರ್ಷಾನುಗಟ್ಟಲೆ ಇದ್ದವನು ನಾನು. ಆಮೇಲೂ ಪ್ರತಿ ಓಟು ಎಣಿಕೆಯ ದಿನ ನಾನು ಅಲ್ಲಿಗೆ ಹೋದಾಗ, ಸಂಜೆ ಅತ್ತೆ ನನ್ನ ಕೈಗೆ ಕಾಫಿ ಲೋಟಗಳ ತಟ್ಟೆ ಕೊಟ್ಟು ನಡುಮನೆಗೆ ಕಳಿಸಿ ತಾವು ಹಿತ್ತಲ ಕಡೆಗೇ ಇರುತ್ತಿದ್ದದ್ದು ನೆನಪಾಯಿತು. ಯಾಕೆಂದು ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಶೈಲಾ ನನ್ನ ತೋಳು ಹಿಡಿದುಕೊಂಡಳು. ಅವಳಿಗೂ ಇದು ಹೊಸದು.

"ಬುಡು ಗೌರಾ" ಎಂದರು ಮಾವ. "ನಿಲ್ಲಲ್ಲ. ಈ ಸಲ ನಿಲ್ಲಲ್ಲ."

ನಾನು ಕಾಯುತ್ತಿದ್ದ ಮಾತು ಅದು. ಕೇಳಿದ ಮೇಲೆ ನನಗೇ ಹಿತವಾಗಲಿಲ್ಲ. ಹಿಂದಿನ ದಿನ ಬೀದಿಯಲ್ಲಿ ಎದೆ ಸೆಟೆದು ನಿಂತಿದ್ದವರು ಈಗ ಮಂಕಿ ಕ್ಯಾಪಿನೊಳಗೆ ಇಷ್ಟೇ ಇಷ್ಟಾಗಿ ಕಂಡರು. ಅತ್ತೆಯೂ ಅವರನ್ನೇ ನೋಡುತ್ತಿದ್ದರು. ಚರ್ಚಿನ ಹಿಂದೆ ಯಾರೋ ಹುಲ್ಲು ಕತ್ತರಿಸುವ ಮಿಷನ್ನಿನ ಸದ್ದು ಬಂದು ನಿಂತಿತು.

"ನಿಂತ್ಕೊಳ್ಳಿ" ಎಂದರು ಅತ್ತೆ.

ಮಾವ ತಲೆ ಎತ್ತಿದರು.

"ನಿಂತ್ಕೊಳ್ಳಿ ಅಂದೆ. ಕುಣಿಗಲ್ಲಿಗೆ ಹೋಗಲ್ಲ ನಾನು. ಆದ್ರೆ ಸೋತ್ರೆ ಬಚ್ಚಲಿಗ್ ಹೋಗ್ಕೂಡ್ದು. ನಲ್ಲಿ ಬಿಡ್ಕೂಡ್ದು. ನನ್ ಮುಂದೇನೆ ಅಳ್ಬೇಕು."

ಮಾವ ಏನೋ ಹೇಳಲು ಬಾಯಿ ತೆರೆದರು. ತುಟಿ ಅದುರಿತು, ಗಲ್ಲ ಅದುರಿತು, ಕೊನೆಗೆ ದಸರೇಲಿ ಮೇಷ್ಟ್ರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಆ ಬೆಂಚಿನ ಮೇಲೆ ಮಗುವಿನ ಹಾಗೆ ಜೋರಾಗಿ ಅತ್ತುಬಿಟ್ಟರು. ಅತ್ತೆ ಅವರ ಕ್ಯಾಪು ತೆಗೆದು, ಸೆರಗಿನಿಂದ ಮುಖ ಒರೆಸುತ್ತಾ, "ಇನ್ನೂ ನಾಮಿನೇಷನ್ನೇ ಹಾಕಿಲ್ಲ, ಈಗ್ಲೇ ಶುರು ಮಾಡ್ಕೊಂಡ್ರಲ್ಲ" ಎಂದರು. ತಾವೂ ಅಳುತ್ತಿದ್ದರು.